ಮೊದಲೇ ಏನಾದ್ರೂ ಕೊಟ್ಟಿದ್ರಾ?

ಮೂವತ್ತು ವರ್ಷ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವಳು ನಾನು. ಎಂಥೆಂಥ ಡಾಕ್ಟರುಗಳ ಕೋಳಿಕಾಲು ಬರಹ ಓದಿದ್ದೀನಿ. ಮೊಮ್ಮಗಳಿಗೆ ಜ್ವರ ಬಂದಾಗ ನನ್ನ ಸೊಸೆ, "ಅತ್ತೆ, ನನ್ನ ಕೇಳದೆ ಏನೂ ಕೊಡಬೇಡಿ" ಅಂದಳು. ನನಗೇ! ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

ಅವಳು ಕೆಲಸಕ್ಕೆ ಹೋದದ್ದೇ ತಡ, ಹಳೇ ಅಂಗಡಿಯಿಂದ ಆಂಟಿಬಯೋಟಿಕ್ ಸಿರಪ್ ತಂದು ಕೊಟ್ಟೆ. ಎರಡು ದಿನ ಕೊಟ್ಟೆ. ಮೂರನೇ ದಿನ ಬೆಳಿಗ್ಗೆ ಮಗು ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಅದುರತೊಡಗಿತು. ಎರಡೇ ನಿಮಿಷ. ಸೊಸೆಯೂ ನಾನೂ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವನ್ನು ಪೂರ್ತಿ ನೋಡಿ, "ಜ್ವರದ ಫಿಟ್ಸ್. ಒಂದೂವರೆ ವರ್ಷದ ಮಕ್ಕಳಲ್ಲಿ ಇದು ಮಾಮೂಲಿ. ಸ್ಕ್ಯಾನೂ ಬೇಡ, ಇಇಜಿನೂ ಬೇಡ. ಮೊದಲೇ ಏನಾದ್ರೂ ಕೊಟ್ಟಿದ್ರಾ? ಆಂಟಿಬಯೋಟಿಕ್?" ಅಂದರು.

"ಇಲ್ಲ, ಬರೀ ಜ್ವರದ ಔಷಧಿ," ಅಂದಳು ಸೊಸೆ.

"ಒಳ್ಳೇದಾಯ್ತು. ಕೊಟ್ಟಿದ್ರೆ ಲಕ್ಷಣ ಮುಚ್ಚಿಹೋಗಿ, ಮಿದುಳಿನ ಸೋಂಕು ಇದ್ರೂ ಗೊತ್ತಾಗ್ತಿರಲಿಲ್ಲ. ಬೆನ್ನಿಂದ ನೀರು ತೆಗೆದು ನೋಡಬೇಕಾಗ್ತಿತ್ತು."

ನನ್ನ ಹಿಂದೆ ಗೋಡೆ, ಮುಂದೆ ಮಂಚ, ಪಕ್ಕದಲ್ಲಿ ಸೊಸೆ. ಕಿಟಕಿ ಅನ್ನೋದೇ ಇಲ್ಲದ ಕೋಣೆ. ಹೇಳಿದರೆ ಈ ಅಂಗೈಯಗಲದ ಬೆನ್ನಿಗೆ ಸೂಜಿ. ಹೇಳದಿದ್ದರೆ, ನಿಜವಾಗಲೂ ಸೋಂಕಿದ್ದರೆ? ಅತ್ತ ದರಿ, ಇತ್ತ ಪುಲಿ. ಮನೆಯಲ್ಲಿ ಇನ್ನು ಇವಳ ಮುಖ ಹೇಗೆ ನೋಡಲಿ ಅನ್ನೋದೂ ತಲೆಯಲ್ಲಿ ಬಂತು, ಸುಳ್ಳೇಕೆ ಹೇಳಲಿ.

ಸೊಸೆ ಮಗುವಿಗೆ ಕಾಲುಚೀಲ ಹಾಕಿದಳು. ಎಷ್ಟು ಹಗುರಾಗಿದ್ದಳು ಪಾಪ, ನಗ್ತಾ ಇದ್ದಳು. "ಏಳಿ ಅತ್ತೆ, ಮನೆಗೆ ಹೋಗೋಣ."

ನಾನು ಡಾಕ್ಟರಮ್ಮನ ಕಡೆ ತಿರುಗಿದೆ.

"ನಾನು ಕೊಟ್ಟಿದ್ದೆ," ಅಂದೆ. "ಎರಡು ದಿನ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಸೊಸೆ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕೂತು, ಹಾಕಿದ ಕಾಲುಚೀಲ ಬಿಚ್ಚಿದಳು.

ನರ್ಸ್ ಮಗುವನ್ನು ಪಕ್ಕಕ್ಕೆ ಮಲಗಿಸಿ, ಮೊಣಕಾಲು ಎದೆಗೆ ಮಡಚಿ, "ನನ್ನ ಜೊತೆ ಒಬ್ಬರು ಹಿಡ್ಕೊಳ್ಳಿ. ಒಂಚೂರೂ ಅಲ್ಲಾಡಬಾರದು," ಅಂದಳು.

ಸೊಸೆ ಹಿಂದೆ ಸರಿದು ನನಗೆ ಜಾಗ ಬಿಟ್ಟಳು. "ನನ್ನ ಕೈಲಾಗಲ್ಲ," ಅಂದಳು. "ನೀವೇ ಹಿಡ್ಕೊಳ್ಳಿ."

ಬೆನ್ನಿಗೆ ತಣ್ಣನೆಯ ಹತ್ತಿ ತಾಗಿದ್ದೇ ಮಗು ನನ್ನ ಮುಖ ಹುಡುಕಿ, "ಅಜ್ಜೀ, ಎತ್ಕೋ" ಅಂತು.

ನಾನು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದೆ.