ಬಾಣಕ್ಕೆ ಹಚ್ಚಿದ ಬಣ್ಣ

ನನ್ನ ಗಂಡ ಬಾಣ ಮಾಡುತ್ತಾರೆ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ ನಮ್ಮ ಮನೆಯ ಹಿಂದಿನ ಕೋಣೆ ನೋಡಿ ಸುಮ್ಮನಾಗುತ್ತಾರೆ. ಅಲ್ಲಿ ಮೊದಲು ಬಟ್ಟೆ ಒಗೆಯುವ ಮಷೀನ್ ಇತ್ತು. ಈಗ ಅದು ಅಡುಗೆಮನೆಯಲ್ಲಿ ಗಡಗಡ ಎನ್ನುತ್ತದೆ, ಅದರ ಜಾಗದಲ್ಲಿ ಇವರ ಕೆಲಸದ ಮೇಜು ಕೂತಿದೆ. ಮನೆಯಲ್ಲಿ ಮರದ ಪುಡಿ ಕೂರದ ಜಾಗವೆಂದರೆ ನನ್ನ ನಾಲಿಗೆ ಒಂದೇ, ಅದಕ್ಕೆ ಬಿಡುವಿದ್ದರಲ್ಲವೇ!

ಇವರ ಬಾಣ ಒಂದೇ ಮರದ್ದಲ್ಲ. ಹಿಂದಿನ ಉದ್ದದ ಭಾಗ ಹಗುರವಾದ ಬಿಳಿ ಮರ, ಮೂತಿ ಮಾತ್ರ ಕಪ್ಪು ಗಟ್ಟಿಮರ. ಕಪ್ಪು ತುಂಡನ್ನು ಗರಗಸದಿಂದ ಸೀಳಿ, ಬಿಳಿ ಕಡ್ಡಿಯ ತುದಿಯನ್ನು ಬೆಣೆಯ ಹಾಗೆ ಕೆತ್ತಿ, ಸೀಳಿನೊಳಗೆ ಕೂರಿಸಿ, ಅಂಟು ಹಾಕಿ ದಾರ ಬಿಗಿಯುತ್ತಾರೆ. ಒಣಗಿದ ಮೇಲೆ ಉಜ್ಜುಗೊರಡು ಹಿಡಿದು ದುಂಡಗೆ ಮಾಡಿದರೆ ಬಿಳಿಯ ಮೇಲೆ ಕಪ್ಪು ಚೂಪುಚೂಪಾಗಿ ಹತ್ತಿದ್ದು ಕಾಣುತ್ತದೆ. ಎಲ್ಲಿ ಬಡಿದರೂ ಮೂತಿ ಮುರಿಯಬಾರದು ಅಂತ ಇಷ್ಟೆಲ್ಲ ಪಾಡು. ಕೊನೆಗೆ ಪ್ರತಿ ಬಾಣವನ್ನೂ ಕಿವಿಯ ಹತ್ತಿರ ಹಿಡಿದು ಸ್ವಲ್ಪ ಬಗ್ಗಿಸುತ್ತಾರೆ. ಜಾಯಿಂಟು ಸಡಿಲವಿದ್ದರೆ ಚಿಟ್ ಎನ್ನುತ್ತದೆ. ಹಾಗೆಂದ ಬಾಣ ಆ ಕೋಣೆಯ ಹೊಸಿಲು ದಾಟುವುದಿಲ್ಲ.

ಬಾಣ ಹೊಡೆಯುವವಳು ನಾನು. ವಾರವಿಡೀ ಬ್ಯೂಟಿ ಪಾರ್ಲರಿನಲ್ಲಿ ಹೆಂಗಸರ ಉಗುರಿಗೆ ಬಣ್ಣ ಹಚ್ಚುತ್ತೇನೆ, ಭಾನುವಾರ ಬಿಲ್ಲುಗಾರರ ಕ್ಲಬ್ಬಿಗೆ ಹೋಗುತ್ತೇನೆ.

ಕಳೆದ ವರ್ಷ ಇವರ ಬಲಗೈ ನಡುಗಲು ಶುರುವಾಯಿತು. ಲೋಟ ತುಟಿ ಮುಟ್ಟುವಷ್ಟರಲ್ಲಿ ಅರ್ಧ ಚಹಾ ಅಂಗಿಯ ಪಾಲು. ಇವರು ಕೆಲಸಕ್ಕಿದ್ದ ಕುರ್ಚಿ ಮೇಜು ಮಾಡುವ ಅಂಗಡಿಯವರು, "ಇನ್ಮೇಲೆ ಆರಾಮಾಗಿರಿ" ಎಂದು ಮನೆಗೆ ಕಳಿಸಿದರು. ಇವರಿಗೆ ಉಳಿದದ್ದು ಬಾಣವೊಂದೇ. ಅಷ್ಟರಲ್ಲಿ ಕ್ಲಬ್ಬಿನ ಸೆಕ್ರೆಟರಿ ಇವರೆದುರಿಗೇ ನನಗೆ ಹೇಳಿದರು, "ಸ್ಪರ್ಧೆಯಲ್ಲಿ ಇವರ ಬಾಣ ಹೊಡೀರಿ, ನೋಡೋಣ. ಚೆನ್ನಾಗಿದ್ರೆ ಕ್ಲಬ್ಬಿಗೆಲ್ಲಾ ಇವರೇ ಮಾಡ್ಕೊಡ್ಲಿ." ಅಂದಿನಿಂದ ಇವರು ಕೋಣೆಯ ಬಾಗಿಲು ಹಾಕಿಕೊಂಡು ಕೂತುಬಿಟ್ಟರು. ನನ್ನನ್ನು ಒಳಗೆ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಹೊಸ ಬಾಣಗಳನ್ನು ನನಗೆ ಕೊಡುವಾಗಲೂ ಇವರ ಕೈ ನಡುಗುತ್ತಿತ್ತು. ನಾನು ಬಾಣ ನೋಡಲಿಲ್ಲ, ಕೈ ನೋಡಿದೆ.

ಮರುದಿನವೇ ಪೇಟೆಗೆ ಹೋಗಿ ಅದೇ ಬಣ್ಣದ ಗರಿಯಿರುವ, ಬಿಳಿ ಮರದ ರೆಡಿಮೇಡ್ ಬಾಣ ತಂದೆ. ಇವರ ಬಾಣವನ್ನು ಎದುರಿಗಿಟ್ಟುಕೊಂಡು, ಪಾರ್ಲರಿನ ಸಣ್ಣ ಬ್ರಷ್ಷಿನಿಂದ ಒಂದೊಂದಕ್ಕೂ ಕಪ್ಪು ಮೂತಿ ಬರೆದೆ, ಚೂಪು ಸಮೇತ. ನನ್ನ ಕೈಚಳಕಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಇವರವನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ. ಗೆದ್ದರೆ ಹೆಸರು ಇವರಿಗೇ ತಾನೇ ಬರುವುದು, ಅಂತ ಸಮಾಧಾನ ಬೇರೆ.

ಗುರಿಹಲಗೆಯಿಂದ ನನ್ನ ಬಾಣ ಕೀಳುವುದು ಯಾವಾಗಲೂ ಇವರೇ. ಜಾಯಿಂಟಿಗೆ ಪೆಟ್ಟಾದೀತೆಂದು ಬೇರೆ ಯಾರನ್ನೂ ಮುಟ್ಟಗೊಡುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಬಣ್ಣದ ಮೇಲೆ ನನಗೆ ಅಷ್ಟು ನಂಬಿಕೆ.

ಸ್ಪರ್ಧೆಯ ದಿನ ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಒಂದು ಬಾಣ ಗುರಿ ತಪ್ಪಿ, ಹಲಗೆಯ ಮರದ ಚೌಕಟ್ಟಿಗೆ ಬಡಿದು, ಮೂತಿಯ ಹತ್ತಿರ ಪಟ್ಟನೆ ಮುರಿಯಿತು. ಇವರು ಹೋಗಿ ಬಿದ್ದ ತುಂಡು ಎತ್ತಿಕೊಂಡರು. ನಾನು ಹಿಂದೆಯೇ ಓಡಿದೆ. ಮುರಿದ ಕಡೆ ಒಳಗೆಲ್ಲ ಒಂದೇ ಬಿಳಿ. ಕಪ್ಪು ಮರವಿಲ್ಲ, ಸೀಳಿಲ್ಲ, ಬೆಣೆಯಿಲ್ಲ. ಇವರು ಅದನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದರು. ಆಮೇಲೆ ಬಣ್ಣ ಹಚ್ಚಿದ ನನ್ನ ಉಗುರು ನೋಡಿದರು.

"ಏನಾಯ್ತು?" ಎನ್ನುತ್ತಾ ಸೆಕ್ರೆಟರಿ ಬಂದರು.

ಇವರು ಮುಷ್ಟಿ ಮುಚ್ಚಿಕೊಂಡರು. "ಜಾಯಿಂಟು ನಿಲ್ಲಲಿಲ್ಲ ಸಾರ್. ನಂದೇ ತಪ್ಪು. ಕೈ ಮೊದಲಿನ ಹಾಗಿಲ್ಲ."

"ಛೆ ಛೆ, ಬಿಡಿ. ಎಷ್ಟು ದಿನ ಅಂತ ಮಾಡ್ತೀರಾ? ಇನ್ನಾದ್ರೂ ರೆಸ್ಟ್ ತಗೊಳ್ಳಿ," ಎಂದು ಸೆಕ್ರೆಟರಿ ಬೆನ್ನು ಸವರಿದರು.

ಆಗಲೇ ಹೇಳಬೇಕಿತ್ತು. ಊರಿಗೆಲ್ಲ ಉತ್ತರ ಕೊಡುವ ನನ್ನ ಬಾಯಿ ಬಿದ್ದುಹೋಗಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನನ್ನ ಗಂಡ ನನ್ನ ಮಾನ ಉಳಿಸಲು ತಮ್ಮದನ್ನು ಎಲ್ಲರ ಮುಂದೆ ಕಳೆದುಕೊಂಡರು, ನಾನು ಬತ್ತಳಿಕೆ ಹಿಡಿದು ನಿಂತೇ ಇದ್ದೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳಿದರು, "ನನ್ನವು ಎಲ್ಲಿ?"

"ಮಂಚದ ಕೆಳಗೆ."

"ತಗೊಂಡು ಬಾ."

ಬಾಣದ ಗಂಟು ಎತ್ತಿಕೊಂಡು ಕೋಣೆಗೆ ಹೋದೆ. ಎಷ್ಟೋ ತಿಂಗಳ ಮೇಲೆ ಒಳಗೆ ಕಾಲಿಟ್ಟಿದ್ದೆ. ಗರಗಸ ಅಲುಗದ ಹಾಗೆ ಮೇಜಿಗೆ ಬಿಗಿದು ನಿಂತಿತ್ತು. ಅದರ ಎದುರಿಗೆ ಎರಡು ಮರದ ಪಟ್ಟಿಗಳ ನಡುವೆ ಒಂದು ಕಪ್ಪು ತುಂಡು ಸಿಕ್ಕಿಕೊಂಡಿತ್ತು.

"ಇದೇನ್ರೀ?"

"ಕೈ ನಡುಗತ್ತಲ್ಲ, ಅದಕ್ಕೆ ಗರಗಸಾನೇ ಕಟ್ಟಿಹಾಕ್ದೆ. ಮರಾನ ಪಟ್ಟಿ ಮಧ್ಯೆ ತಳ್ಳಿದ್ರೆ ಆಯ್ತು. ಕೈ ಎಷ್ಟು ಕುಣಿದ್ರೂ ಸೀಳು ನೇರ ಬರತ್ತೆ."

ಒಂದು ಬಾಣ ತೆಗೆದು ನನ್ನ ಕೈಗೆ ಕೊಟ್ಟರು. "ಬಗ್ಗಿಸು."

ಕಿವಿಯ ಹತ್ತಿರ ಹಿಡಿದು ಬಗ್ಗಿಸಿದೆ. ಚಿಟ್ ಎನ್ನಲಿ ಅಂತ ಕಾದೆ. ನಾಚಿಕೆಗೇಡು, ಆದರೂ ಹಾಗೆಯೇ ಬೇಡಿಕೊಂಡೆ. ಅದೊಂದು ಸದ್ದು ಬಂದಿದ್ದರೆ ನಾನು ಮಾಡಿದ್ದು ಸ್ವಲ್ಪವಾದರೂ ಸರಿ ಎಂದಾಗುತ್ತಿತ್ತು.

"ಏನಾದ್ರೂ ಕೇಳಿಸ್ತಾ?"

"ಇಲ್ಲ."

"ಇನ್ನೊಂದು ನೋಡು."

ಅದೂ ಸದ್ದು ಮಾಡಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಬಗ್ಗಿಸಿದೆ. ಕೊನೆಯದನ್ನೂ ಬಗ್ಗಿಸಿ ಮೇಜಿನ ಮೇಲಿಟ್ಟೆ.

"ಒಂದಾದ್ರೂ ಹೊಡೆದು ನೋಡಬಹುದಿತ್ತು ಕಣೇ," ಎಂದರು. ಅಷ್ಟೇ. ನನಗೆ ಬೆನ್ನು ಹಾಕಿ ಉಜ್ಜುಗೊರಡು ಎತ್ತಿಕೊಂಡರು.

ಹೊರಗೆ ಬಂದೆ, ಬಾಗಿಲು ಹಾಕಲಿಲ್ಲ. ಅಲ್ಲೇ ನಿಂತು ಸೆಕ್ರೆಟರಿಗೆ ಫೋನ್ ಮಾಡಿದೆ.

"ಸಾರ್, ಇವತ್ತು ಮುರಿದಿದ್ದು ನಮ್ಮನೆಯವರ ಬಾಣ ಅಲ್ಲ."

"ಮತ್ತೆ ಯಾರದ್ದಮ್ಮಾ?"

ಒಳಗೆ ಉಜ್ಜುಗೊರಡಿನ ಸದ್ದು ನಿಂತಿತು. ಬಾಣ ಬಗ್ಗಿಸುವಾಗಿನಂತೆ ಇವರು ಕಿವಿಗೊಟ್ಟು ಕೇಳುತ್ತಿದ್ದರು.

"ನಂದು ಸಾರ್. ಅಂಗಡಿಯಿಂದ ತಂದು ನಾನೇ ಬಣ್ಣ ಬಳಿದಿದ್ದೆ," ಎಂದೆ.