ದಸರಾ ಆದಮೇಲೆ ಕೆಟ್ಟ ಕಾರ್ಡ್‌ಲೆಸ್ಸು

ಕಿವಿಯಲ್ಲಿ ಏನೂ ಇಲ್ಲ, ಕೊರಕೊರ ಸದ್ದೂ ಇಲ್ಲ, ಒತ್ತಿ ಹಿಡಿದಿರುವುದು ಬರೀ ಪ್ಲಾಸ್ಟಿಕ್ಕು, ಈಗ ತಾನೆ ಇದರೊಳಗೆ ನನ್ನ ಅಕ್ಕ ಇದ್ದಳು, ತೂಬಗೆರೆಯ ಸಪ್ಪಲಮ್ಮ, ನಮ್ಮ ಬೈರೇಶನ ಮದುವೆಯಿಂದ ಈಚೆಗೆ ನನ್ನ ಜೊತೆ ಮಾತು ಬಿಟ್ಟವಳು, ರತ್ನಾ, ನಾನು ಕಣೇ ಅಂದಳು, ನಾನು ಅಕ್ಕಾ ಅಂದೆನೋ, ಅನ್ನುವುದಕ್ಕೆ ಬಾಯಿ ತೆರೆದೆನೋ, ಅಷ್ಟರಲ್ಲಿ ಕುಯ್ ಅಂತ ಅರಚಿ ಕಾರ್ಡ್‌ಲೆಸ್ಸು ಸತ್ತುಹೋಯಿತು — ಅವಳು ಏನು ತಿಳಿದುಕೊಂಡಿರುತ್ತಾಳೆ, ಇನ್ನೇನು, ತನ್ನ ದನಿ ಕೇಳಿದ ತಕ್ಷಣ ರತ್ನ ಇಟ್ಟುಬಿಟ್ಟಳು ಅಂತ. ಅವಳ ಮನೆಯಲ್ಲಿ ಫೋನಿಲ್ಲ, ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಮಾಡಿರಬೇಕು, ಹಿಂದೆ ಹಾರ್ನು ಕೇಳಿತು, ಆ ಬೂತಿನ ನಂಬರು ನನಗೆ ಗೊತ್ತಿಲ್ಲ, ಅವಳಾಗಿ ಮತ್ತೆ ಮಾಡಿದರೆ ಉಂಟು, ಮಾಡುವವಳಲ್ಲ, ಮಾಡಿದರೆ ಅವಳು ಸಪ್ಪಲಮ್ಮನೇ ಅಲ್ಲ. ಏರಿಯಲ್ ಎಳೆದೆ, ಒಳಕ್ಕೆ ತಳ್ಳಿದೆ, ಮತ್ತೆ ಎಳೆದೆ. ಕಿಟಕಿ ಹತ್ತಿರ ಹೋಗಿ ನಿಂತ್ಕೋ ಅಮ್ಮ, ಅಲ್ಲಿ ಚೆನ್ನಾಗಿ ಸಿಗುತ್ತೆ ಅಂತಿರ್ತಾನೆ ಬೈರೇಶ, ನಿಂತಿದ್ದೇನೆ, ಹೈವೇಯಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿವೆ, ನಮ್ಮೂರು ಅರಿಶಿನಕುಂಟೆಗೆ ಈ ಲಾರಿಗಳೇ ಗಡಿಯಾರ, ಈ ಕಿಟಕಿಯಲ್ಲಿ ಸಿಗುವುದು ಧೂಳು ಮಾತ್ರ. ತಂದ ಹೊಸದರಲ್ಲಿ ಎಷ್ಟು ಜಂಬ, ವೈರೇ ಇಲ್ಲ ನೋಡು, ದನದ ಕೊಟ್ಟಿಗೆಯಲ್ಲೂ ಮಾತಾಡಬಹುದು ಅಂತ, ಗಾಂಧಿನಗರದಿಂದ ತಂದು ಹಳೇ ಕಪ್ಪು ಫೋನಿನ ವೈರು ಕಿತ್ತು ಅಟ್ಟಕ್ಕೆ ಎಸೆದ, ಕೊಟ್ಟಿಗೆಯಲ್ಲಿ ಯಾರ ಜೊತೆ ಮಾತಾಡಬೇಕಿತ್ತೋ ಅವನಿಗೇ ಗೊತ್ತು.

ದಸರಾ ತನಕ ಚೆನ್ನಾಗಿಯೇ ಇತ್ತು, ಆಮೇಲೆ ಶುರುವಾಯಿತು ರಗಳೆ, ಒಂದು ದಿನ ಪೂರ್ತಿ ಮಾತು, ಮಾರನೆಯ ದಿನ ಎರಡು ಮಾತಿಗೇ ಕುಯ್. ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಕಾರಣ ಹಿಡಿದರು. ನಮ್ಮ ಯಜಮಾನರು ಮುನಿಶಾಮಪ್ಪನವರಿಗೆ ಎಲ್ಲದಕ್ಕೂ ಹೈವೇ, ಪೊಲೀಸ್ ಜೀಪಿನ ವೈರ್‌ಲೆಸ್ಸು ಅಡ್ಡ ಬರ್ತೈತೆ ಬಿಡು. ಸೊಸೆ ಬಿಂದುಶ್ರೀಗೆ ಸೀಬೆಮರದ ಮೇಲೆ ಅನುಮಾನ, ಅತ್ತೆ, ಕೊಂಬೆ ಕಡಿಸೋಣ, ಕಡಿಸಿದ್ದಾಯಿತು, ಮರಕ್ಕೆ ನೋವು ಬಿಟ್ಟರೆ ಬೇರೇನೂ ಆಗಲಿಲ್ಲ. ಲೈನ್‌ಮನ್ ಬಂದು ಮಜ್ಜಿಗೆ ಕುಡಿದು ಕಂಬದಿಂದ ಮನೆ ತನಕ ಪಸಂದಾಗಿದೆ ಕಣಮ್ಮ, ಒಳಗಿಂದು ನಮ್ದಲ್ಲ ಅಂದು ಹೋದ. ಎತ್ತರದಲ್ಲಿಟ್ಟರೆ ಸಿಗುತ್ತೆ ಅಂತ ಬೈರೇಶ ಫೋನಿಡುವ ಪೆಟ್ಟಿಗೆಯನ್ನು ಟಿವಿ ಮೇಲಿನಿಂದ ಎತ್ತಿ ದೇವರಗೂಡಿನ ಪಕ್ಕಕ್ಕೆ ತಂದ, ಆವತ್ತು ಹಿಂದಿನ ಬೀದಿಯ ಪಿಳ್ಳಪ್ಪ ನಮ್ಮ ಫೋನಿನಲ್ಲಿ ಬಂದ, ಅವನ ಮನೆಯಲ್ಲೂ ಇಂಥದ್ದೇ ಒಂದು ಇದೆ, ಅವನು ಅಳಿಯನ ಹತ್ತಿರ ಹೆಂಡತಿಯ ಕೈಯಡುಗೆ ಬೈಯುತ್ತಿದ್ದದ್ದು ಸ್ವಚ್ಛವಾಗಿ ಕೇಳಿತು, ಪಿಳ್ಳಪ್ಪನಿಗೆ ಸಿಗುವ ಗಾಳಿ ನನ್ನ ಅಕ್ಕನಿಗೆ ಸಿಗಲಿಲ್ಲ. ಅಕ್ಕ ಈಗ ಬೂತಿನಿಂದ ಮನೆ ಕಡೆ ನಡೆಯುತ್ತಿರಬೇಕು, ಬಲಗೈ ಸೆರಗಿನೊಳಗೆ, ಉಂಗುರಬೆರಳಿನ ತುದಿ ಕೆಂಪಗೆ, ಯಾವಾಗಲೂ ಕೆಂಪಗೆ, ಅಪ್ಪನ ಮನೆಯಲ್ಲಿ ದೊಡ್ಡ ಮಗಳಾದ್ದರಿಂದ ಆಯುಧಪೂಜೆಯ ಕುಂಕುಮ ಅವಳದ್ದೇ, ಅರಿಶಿನ ನನ್ನದು, ನಾನು ಮುಂದೆ ಮುಂದೆ ಹಚ್ಚುತ್ತಾ ಹೋಗಬೇಕು, ಅವಳು ಹಿಂದೆಯೇ ಅದರ ಮೇಲೆ ಬೊಟ್ಟಿಡುತ್ತಾ ಬರಬೇಕು, ಕುಡುಗೋಲು, ನೇಗಿಲು, ಗಾಡಿಯ ಕೀಲು, ಕೊನೆಗೆ ನನ್ನ ಹಣೆ, ನೀನೂ ಒಂದು ಆಯುಧಾನೇ ಕಣೇ ಬಾಯಿಬಡುಕಿ ಅನ್ನುತ್ತಾ. ಆ ಬೆರಳು ತಣ್ಣಗಿರುತ್ತಿತ್ತು. ಮದುವೆ ಪತ್ರಿಕೆ ಅವಳ ಮನೆಗೆ ಪೋಸ್ಟಿನಲ್ಲಿ ಹೋಯಿತು, ಆ ಕಡೆ ಎಲ್ಲಾರ್ಗೂ ಬೈರೇಶ ಪೋಸ್ಟ್ ಹಾಕವ್ನೆ, ಯಾರು ಸುತ್ತೋದು ಅಂದಿದ್ದರು ಯಜಮಾನರು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಕವರು. ಅಕ್ಕ ಮದುವೆಗೆ ಬರಲಿಲ್ಲ. ಬಾಗಿಲಿಗೆ ಬಂದು ಹಣೆಗೆ ಕುಂಕುಮ ಇಟ್ಟು ಕರೀಲಿಲ್ಲ, ಪೋಸ್ಟ್‌ಮನ್ ಕರೆದ ಮದ್ವೆಗೆ ಪೋಸ್ಟ್‌ಮನ್ನೇ ಹೋಗ್ಲಿ ಅಂದಳಂತೆ, ಹೇಳಿಕಳಿಸಿದಳು, ಅವಳು ಅಂದದ್ದು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಕೋಪ ಬಂತು.

ಅತ್ತೆ, ಯಾರ್ದು ಫೋನು? ಒಗ್ಗರಣೆಯ ಚಟಪಟದ ಮಧ್ಯೆ ಬಿಂದು ಕೇಳುತ್ತಾಳೆ, ಯಾರ್ದೂ ಇಲ್ಲ ಅನ್ನುತ್ತೇನೆ, ಯಾಕೆ ಹಾಗಂದೆ. ದೇವರಗೂಡಿನ ಹತ್ತಿರ ಪೆಟ್ಟಿಗೆಯಲ್ಲಿ ಎರಡು ಪುಟ್ಟ ದೀಪ, ಮೇಲಿನದು ಉರಿಯುತ್ತಿದೆ, ಕೆಳಗಿನದು ಆರಿದೆ, ಇಷ್ಟು ದಿನ ಒಂದು ಉರಿದರೆ ಸಾಕು ಅಂದುಕೊಂಡಿದ್ದೆವು, ಫೋನನ್ನು ಅದರ ಗೂಡಿನಲ್ಲಿ ಇಟ್ಟೆ, ಕೆಳಗಿನದು ಉರಿಯಲಿಲ್ಲ, ತೆಗೆದೆ, ಒತ್ತಿ ಇಟ್ಟೆ, ಉರಿಯಲಿಲ್ಲ, ಸಿಟ್ಟು ಬಂತು, ಹಳೇ ಟಾರ್ಚನ್ನು ಬಡಿಯುವ ಹಾಗೆ ಅಂಗೈಗೆ ಬಡಿಯೋಣ ಅಂತ ತಲೆಕೆಳಗು ಮಾಡಿದೆ — ಬುಡದಲ್ಲಿ ಎರಡು ಹಿತ್ತಾಳೆಯ ಚುಕ್ಕೆ, ಚುಕ್ಕೆಗಳ ಮೇಲೆ ಅರಿಶಿನ, ಅರಿಶಿನದ ಮೇಲೆ ಕುಂಕುಮ. ಒಣಗಿ ಗಟ್ಟಿಯಾಗಿದೆ, ಒಂದರ ಅಂಚು ಮಾತ್ರ ಸವೆದಿದೆ. ನಾನೇ ಇಟ್ಟದ್ದು. ಆಯುಧಪೂಜೆಯ ದಿನ ಟ್ರ್ಯಾಕ್ಟರು, ಮಿಕ್ಸಿ, ಟಿವಿ ಎಲ್ಲಾ ಮುಗಿಸಿ ಇದನ್ನು ಕೈಗೆ ತಗೊಂಡಾಗ ಎಲ್ಲಿ ಇಡುವುದು ಅಂತ ತಿಳಿಯಲಿಲ್ಲ, ಮೈಯೆಲ್ಲಾ ಗುಂಡಿ, ಬುಡದಲ್ಲಿ ಈ ಎರಡು ಚುಕ್ಕೆ ಕಣ್ಣುಗಳ ಹಾಗೆ ಹೊಳೆದವು, ಇದೇ ಜಾಗ ಅನ್ನಿಸಿತು, ಅರಿಶಿನವೂ ನಾನೇ, ಕುಂಕುಮವೂ ನಾನೇ, ಈಗ ಹಿಂದೆ ಬರುವವರು ಯಾರೂ ಇಲ್ಲವಲ್ಲ. ಪೊಲೀಸ್ ಜೀಪೂ ಅಲ್ಲ, ಸೀಬೆಮರವೂ ಅಲ್ಲ, ಚಾರ್ಜು ಹತ್ತುವ ಬಾಯಿಗೇ ನಾನು ಬೊಟ್ಟಿಟ್ಟು ಮುಚ್ಚಿದ್ದೆ. ಹೋದವರ್ಷ ಇಡಬೇಕಾದ ಕಡೆ ಇಡಲಿಲ್ಲ, ಈ ವರ್ಷ ಇಡಬಾರದ ಕಡೆ ಇಟ್ಟೆ. ಪಂಚಪಾತ್ರೆಯ ನೀರಿನಲ್ಲಿ ಬೆರಳದ್ದಿ ಉಜ್ಜುತ್ತೇನೆ, ಉಗುರಿನಿಂದ ಕೆರೆಯುತ್ತೇನೆ, ಸೆರಗಿನಿಂದ ಒರೆಸುತ್ತೇನೆ, ಹಿತ್ತಾಳೆ ಹೊರಬರುತ್ತದೆ, ಗೂಡಿನಲ್ಲಿ ಇಟ್ಟರೆ ಕೆಳಗಿನ ದೀಪ ತಟ್ಟನೆ ಹತ್ತಿಕೊಳ್ಳುತ್ತದೆ. ಇಷ್ಟೇ. ಖುಷಿಯಾಗಬೇಕಿತ್ತು. ಸತ್ತ ಬ್ಯಾಟರಿಗೆ ಜೀವ ಬರಲು ಸಾಯಂಕಾಲವಾಗಬೇಕು, ಅಲ್ಲಿಯತನಕ ಅಕ್ಕ ಮನಸ್ಸು ಬದಲಾಯಿಸಿ ಮಾಡಿದರೂ ಇದು ಬಾಯಿ ಬಿಡುವುದಿಲ್ಲ, ಆಗ ಎರಡನೇ ಸಲ ಇಟ್ಟುಬಿಟ್ಟ ಹಾಗೆ ಆಗುತ್ತದೆ. ದೊಡ್ಡಬಳ್ಳಾಪುರದಲ್ಲಿ ಇಳಿದರೆ ತೂಬಗೆರೆಗೆ ಬಸ್ಸು ಸಿಗುತ್ತದೆ. ಬಿಂದು, ತೂಬಗೆರೆಗೆ ಹೋಗ್ಬರ್ತೀನಿ ಅನ್ನುತ್ತೇನೆ, ಸೌಟು ನಿಲ್ಲುತ್ತದೆ, ದೊಡ್ಡತ್ತೆ ಮನೆಗಾ, ಈಗ್ಲೇನಾ, ಫೋನ್ ಬಂದ್ರೆ ಏನನ್ಲಿ? ಬಂದ್ರೆ, ಹೊರಟವ್ಳೆ ಅನ್ನು. ಕುಂಕುಮದ ಭರಣಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದೇನೆ, ಬೆರಳು ಒರೆಸಿಕೊಳ್ಳಲು ಸೆರಗಿನ ತುದಿ ಹಿಡಿದವಳು ಹಾಗೇ ನಿಲ್ಲುತ್ತೇನೆ, ಉಂಗುರಬೆರಳು, ನನ್ನದೇ, ನೀರಿಗೆ ತಣ್ಣಗಾಗಿದೆ, ತುದಿ ಕೆಂಪಗೆ, ಉಗುರಿನ ಸಂದಿಯಲ್ಲೂ ಕೆಂಪಗೆ, ತುದಿ ಕೆಂಪಗೆ