ಮರಕ್ಕೆ ಹಾಕಿದ ಧೂಪ

ನಿಟ್ಟುವಳ್ಳಿಯ ಅಂಜಿನವ್ವನ ಮನೆ ಮುಂದೆ ಒಂದು ಸಾಗುವಾನಿ ಮರ. ಮಗ ಗಿರೀಶ ಹುಟ್ಟಿದ ವರ್ಷ ಗಂಡ ಮಲ್ಲೇಶಪ್ಪ ನೆಟ್ಟಿದ್ದು. ಅಂಜಿನವ್ವನಿಗೆ ಅದು ಮನೆದೇವರಷ್ಟೇ ಹತ್ತಿರ. ದಿನಾ ಬೆಳಿಗ್ಗೆ ಉದುರಿದ ಎಲೆ ಗುಡಿಸಿ, ಬುಡಕ್ಕೇ ಒಟ್ಟಿ, ಚಿಟಿಕೆ ಲೋಬಾನ ಹಾಕಿ ಬೆಂಕಿ ಹಚ್ಚುವಳು. "ದೇವರಿಗೆ ಹಾಕಿದಂಗೆ ಮರಕ್ಕೂ ಧೂಪ" ಅನ್ನುವಳು.

ಈ ಸಲ ಮಳೆ ಬಂದರೂ ಅರ್ಧ ಮರ ಚಿಗುರಲಿಲ್ಲ.

"ಮೈಮೇಲೆ ಬೀಳೋಕೆ ಮುಂಚೆ ಕಡಿಸಿಬಿಡಾಣ" ಅಂದ ಮಲ್ಲೇಶಪ್ಪ. ಅಂಜಿನವ್ವ ಅವತ್ತು ಉಣ್ಣಲಿಲ್ಲ.

ಪಕ್ಕದ ಮನೆಯ ಪದ್ಮಶ್ರೀ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ಓದುವವಳು. "ತಡೀರಿ ಅಜ್ಜಾ, ಮರಾನೇ ಕೇಳಾಣ" ಅಂತ ಕಾಲೇಜಿನ ತನ್ನ ಮೇಷ್ಟ್ರನ್ನು ಕೇಳಿ, ಮರ ಕೊರೆಯುವ ಸಣ್ಣದೊಂದು ಬೈರಿಗೆ ತಂದಳು.

"ಅಯ್ಯೋ ಶಿವನೇ! ಜೀವ ಇರೋ ಮರಕ್ಕೆ ಚುಚ್ತೀಯೇನೇ?"

"ಡಾಕ್ಟ್ರು ರಕ್ತ ತೆಗೆದಂಗೆ ಅಜ್ಜಿ, ಅಷ್ಟೇ."

"ಮನುಷ್ಯರ ಡಾಕ್ಟ್ರು ಆಗೋಕಾಗ್ಲಿಲ್ಲ ಅಂತ ಮರಕ್ಕೆ ಗಂಟುಬಿದ್ದಾಳೆ" ಅಂತ ಮಲ್ಲೇಶಪ್ಪ ನಕ್ಕ.

ಪದ್ಮಶ್ರೀ ಬುಡದ ಹತ್ತಿರ ಬೈರಿಗೆ ತಿರುವಿ ಎಳೆದಾಗ ಮರದೊಳಗಿಂದ ಪೆನ್ಸಿಲಿಗಿಂತ ತೆಳ್ಳಗಿನ ಕಡ್ಡಿಯೊಂದು ಹೊರಬಂತು. ಮೈತುಂಬ ಗೆರೆ.

"ವರ್ಷಕ್ಕೊಂದು ಗೆರೆ. ಇಲ್ಲಿ ಅಗಲ ಅಗಲ, ಮರ ಸುಖವಾಗಿತ್ತು. ಈಚೆ ಏಳು ವರ್ಷದ್ದು ಕೂದಲೆಳೆಯಷ್ಟೇ. ಇಲ್ಲಿ ಕಪ್ಪು, ಸುಟ್ಟ ಗಾಯ. ಏಳು ವರ್ಷದ ಹಿಂದೆ ಏನಾತು ಅಜ್ಜಿ?"

ಅಂಜಿನವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಧೂಪ ಶುರುವಾಗಿದ್ದು ಮೊಮ್ಮಗಳು ಬಿಂದು ಹುಟ್ಟಿದಾಗ, ಕೂಸಿಗೆ ಸೊಳ್ಳೆ ಕಡಿಯದಿರಲಿ ಅಂತ. ಬಿಂದುಗೆ ಈಗ ಏಳು.

"ನಾನೇ... ನನ್ನ ಕೈಯಾರೆ..." ಕೈಮುಗಿಯುತ್ತಲೇ ಸುಟ್ಟಿದ್ದಳು. ಪದ್ಮಶ್ರೀ ಅವಳ ಹತ್ತಿರ ಬಂದಳು.

"ತೊಗಟೆ ಕೆಳಗೇ ಮರದ ಊಟ ಹೋಗೋ ದಾರಿ ಐತೆ. ಅದೇ ಸುಟ್ರೆ ಹೆಂಗೆ ಬದುಕ್ತೈತೆ? ಇನ್ನೂ ಅರ್ಧ ಜೀವ ಐತೆ, ಕಡಿಯೋದು ಬ್ಯಾಡ. ಎಲೆ ಸುಡಬ್ಯಾಡ್ರಿ, ಗೊಬ್ಬರ ಮಾಡ್ರಿ."

"ಮನೆ ಮುಂದೆ ತಿಪ್ಪೆನಾ? ನಾರಲ್ಲೇನು?" ಮಲ್ಲೇಶಪ್ಪ ಮೂಗು ಮುರಿದ.

"ಒಣ ಎಲೆ ಕಮ್ಮಿ ಆದ್ರೆ ನಾರ್ತೈತೆ ಅಜ್ಜಾ. ಒಂದು ಪಾಲು ತರಕಾರಿ ಸಿಪ್ಪೆಗೆ ಎರಡು ಪಾಲು ಒಣ ಎಲೆ, ಮೇಲೊಂದಿಷ್ಟು ಮಣ್ಣು, ಚೂರು ಸಗಣಿ ನೀರು. ವಾರಕ್ಕೊಮ್ಮೆ ತಿರುವಿ ಹಾಕ್ರಿ. ಮೂರ್ನಾಲ್ಕು ತಿಂಗಳಿಗೆ ಕರಿ ಗೊಬ್ಬರ."

ಮಲ್ಲೇಶಪ್ಪ ಹೆಂಡತಿಯ ಮುಖ ನೋಡಿದ. ಎದ್ದು ಗುದ್ದಲಿ ತಂದು, ಬುಡದಿಂದ ಮೂರು ಮಾರು ದೂರ ಗುಂಡಿ ತೋಡತೊಡಗಿದ. ಅಂಜಿನವ್ವ ಬುಡದ ಬೂದಿಯನ್ನು ಸೆರಗಿನಿಂದ ಒರೆಸಿದಳು. ಅಡಿಯಲ್ಲಿ ತೊಗಟೆ ಬಾಯ್ಬಿಟ್ಟಿತ್ತು. "ತಪ್ಪಾತಪ್ಪಾ" ಅಂದಳು, ಮರಕ್ಕೋ ಶಿವನಿಗೋ.

ಮರ ಉಳಿಯುತ್ತದೋ ಇಲ್ಲವೋ, ದೇವರೇ ಬಲ್ಲ. ನಿಮ್ಮ ಬೀದಿಯ ಮರಕ್ಕೆ ಇನ್ನೂ ಹೊತ್ತು ಮೀರಿಲ್ಲ. ಎದ್ದು ಹೋಗಿ ಅದರ ಬುಡ ನೋಡಿ ಬನ್ನಿ. ಇವತ್ತಿನಿಂದಲೇ ಎಲೆಗೆ ಬೆಂಕಿ ಇಡುವುದು ನಿಲ್ಲಿಸಿ. ಉದುರಿದ ಎಲೆ ಭೂಮಿತಾಯಿಯ ಪಾಲು. ಅವಳದ್ದು ಅವಳಿಗೇ ಕೊಡಿ.